ಕೆರೆಯ ಹಾಡಿಗೆ ಫ್ಲ್ಯಾಟಿನ ಮಾತು

ವೈಟ್‌ಫೀಲ್ಡಿನ ಮಾಲ್ ಒಂದರಲ್ಲಿ ಎಸ್ಕಲೇಟರ್ ಇಳಿಯುತ್ತಿದ್ದಾಗ ನಮ್ಮ ಹಾಡು ಕೇಳಿಸಿತು. ರಾಗ ನಮ್ಮದೇ, ಮಾತು ಮಾತ್ರ ಹೊಸ ಫ್ಲ್ಯಾಟಿನ ಜಾಹೀರಾತು! ಪಂಕ್‌ನ ಸಿಟ್ಟು, ರಾಕಬಿಲ್ಲಿ ಎಂಬ ಹಳೇ ರಾಕ್ ಸಂಗೀತದ ಕುಣಿತ ಎರಡನ್ನೂ ಬೆರೆಸಿ ನುಡಿಸುವ ನಮ್ಮ ಬ್ಯಾಂಡ್, ನಮ್ಮೂರ ಕೆರೆಗೆ ಮಣ್ಣು ಸುರಿದವರನ್ನು ಬೈದು ಕಟ್ಟಿದ ಮೊದಲ ಹಾಡದು. ಆ ಮಣ್ಣಿನ ಮೇಲೆ ಎದ್ದಿದ್ದೇ ಈ ಫ್ಲ್ಯಾಟುಗಳು.

ಕೆಳಗೆ ವೇದಿಕೆಯಲ್ಲಿ ಹಾಡುತ್ತಿದ್ದವನು ಹೋದ ವರ್ಷ ಬ್ಯಾಂಡ್ ಬಿಟ್ಟ ನಮ್ಮ ಗಿಟಾರಿಸ್ಟ್. ನೇರ ಅವನೆದುರು ಹೋಗಿ ನಿಂತೆ.

“ಟ್ಯೂನ್ ನಂದು ಕಣೇ. ಯಾವ ಮಾತು ಹಾಕಿದ್ರೆ ನಿಂಗೇನು?” ಎಂದ.

“ನಮ್ ಕೆರೆ ಮುಚ್ಚಿದೋರಿಗೆ ಇದೇ ಟ್ಯೂನ್ ಕೊಡ್ಬೇಕಿತ್ತೇನೋ?” ಎಂದು ಕೂಗಿದೆ.

ಅವನ ಕೈಯಿಂದ ಮೈಕ್ ಕಿತ್ತುಕೊಂಡು ನಾನು ಬರೆದ ಸಾಲುಗಳನ್ನೇ ಹಾಡತೊಡಗಿದೆ. ತಕ್ಷಣ ಸೌಂಡ್ ನಿಲ್ಲಿಸಿದರು. ಸೆಕ್ಯೂರಿಟಿಯವರು ತೋಳು ಹಿಡಿದು ಹೊರಗೆ ಬಿಟ್ಟರು.

ಬ್ಯಾಂಡ್ ಇನ್ನೂ ಇದೆ, ಉಳಿದ ಮೂವರು ನುಡಿಸುತ್ತೇವೆ. ಮೊನ್ನೆ ನಾಗಸಂದ್ರದಲ್ಲಿ ಆ ಹಾಡು ಶುರು ಮಾಡಿದರೆ, ಜನ ಖುಷಿಯಿಂದ ಚಪ್ಪಾಳೆ ತಟ್ಟುತ್ತಾ ಜಾಹೀರಾತಿನ ಸಾಲುಗಳನ್ನು ಹಾಡಿದರು. ಕೆರೆಯ ಜೊತೆ ಹಾಡನ್ನೂ ಮುಚ್ಚಿಬಿಟ್ಟರಲ್ಲ ಎಂದು ಇವತ್ತಿಗೂ ಮೈ ಉರಿಯುತ್ತದೆ.