ಕಂಬದ ಮೇಲಿನ ಕೆಂಪು ಗೆರೆ

ಸುಂದರಣ್ಣನಿಗೆ ಈಗ ಬಸ್ಸಿನಲ್ಲಿ ಸೀಟು ಸಿಗುತ್ತದೆ, ಆದರೆ ಕೂರಲು ಬರುವುದಿಲ್ಲ. ಕಾರ್ಕಳ–ಉಡುಪಿ ದಾರಿಯ ಖಾಸಗಿ ಬಸ್ಸಿನಲ್ಲಿ ಮೂವತ್ತಾರು ವರ್ಷ ನಿಂತೇ ಕಂಡಕ್ಟರ್ ಕೆಲಸ ಮಾಡಿದ ಕಾಲುಗಳು ಅವು. ಕೆಲಸ ಬಿಟ್ಟು ವರ್ಷ ಕಳೆದರೂ, ಹತ್ತಿದ ಕೂಡಲೇ ಮುಂದಿನ ಬಾಗಿಲ ಪಕ್ಕದ ಕಂಬಕ್ಕೆ ಬೆನ್ನು ಕೊಟ್ಟು ನಿಲ್ಲುತ್ತಾರೆ. ಬೆರಳು ತಾನಾಗಿಯೇ ಕಂಬದ ಮೇಲೆ ಏನನ್ನೋ ಹುಡುಕುತ್ತದೆ. ಹೊಸ ಬಸ್ಸಿನ ಕಂಬ ಸ್ಟೀಲಿನದು, ನುಣ್ಣಗೆ. ಅಲ್ಲಿ ಏನೂ ಇಲ್ಲ.

ಅವರ ಬಸ್ಸಿನ ಕಂಬದಲ್ಲಿ ಒಂದು ಕೆಂಪು ಗೆರೆ ಇತ್ತು.

ಹನ್ನೆರಡು ತುಂಬುವವರೆಗೆ ಮಕ್ಕಳಿಗೆ ಅರ್ಧ ಟಿಕೆಟ್. ಆದರೆ ಬಸ್ಸು ಹತ್ತಿದ ಮಕ್ಕಳಿಗೆ ಹನ್ನೆರಡು ತುಂಬುವುದೇ ಇಲ್ಲ. ಶಾಲೆಯಲ್ಲಿ ಏಳನೇ ಕ್ಲಾಸು, ಬಸ್ಸಿನಲ್ಲಿ ಎಂಟು ವರ್ಷ. ಹಿರಿಯಡಕದಲ್ಲಿ ಶುರುವಾದ ಜಗಳ ಪರ್ಕಳ ದಾಟಿದರೂ ಮುಗಿಯುತ್ತಿರಲಿಲ್ಲ. "ಅಮ್ಮಾ, ಒಂಬತ್ತಲ್ಲ, ನನಗೆ ಹನ್ನೆರಡು ಮುಗೀತಲ್ಲ?" ಎಂದು ಮಗನೇ ಹೇಳಿಬಿಟ್ಟು ತಾಯಿ ಕೈಯಿಂದ ಚಿವುಟಿಸಿಕೊಂಡದ್ದೂ ಉಂಟು.

ಉಪಾಯ ಹೇಳಿದವಳು ಹೆಂಡತಿ ಅಕ್ಕು. ಮಗಳು ವಿಜೇತಾಳಿಗೆ ಹನ್ನೆರಡು ತುಂಬಿದ ದಿನ ಅವಳನ್ನು ಬಸ್ಸಿನೊಳಗೆ ಕಂಬಕ್ಕೆ ಒರಗಿಸಿ ನಿಲ್ಲಿಸಿ, ತಲೆಯ ಮಟ್ಟಕ್ಕೆ ತನ್ನ ಉಗುರಿನ ಬಣ್ಣದಲ್ಲಿ ಒಂದು ಗೆರೆ ಎಳೆದಳು. ಗೆರೆಯ ಕೆಳಗಿದ್ದರೆ ಅರ್ಧ, ಮೇಲೆ ಹೋದರೆ ಇಡೀ. ಜಗಳ ನಿಂತಿತು. ಬಸ್ಸು ಬದಲಾದಾಗ ಸುಂದರಣ್ಣ ಹಳೆಯ ಗೆರೆಯ ಎತ್ತರವನ್ನು ದಾರದಲ್ಲಿ ಅಳೆದು, ಗಂಟು ಹಾಕಿ, ಹೊಸ ಬಸ್ಸಿಗೆ ತಂದರು. ಆ ದಾರ ವರ್ಷಗಟ್ಟಲೆ ಅವರ ಖಾಕಿ ಅಂಗಿಯ ಕಿಸೆಯಲ್ಲಿತ್ತು. ಮಕ್ಕಳು ಹತ್ತುತ್ತಲೇ ಕಂಬದ ಬುಡಕ್ಕೆ ಓಡಿ, ಮೊಣಕಾಲು ಮೆತ್ತಗೆ ಮಡಚಿ ನಿಲ್ಲುತ್ತಿದ್ದರು. "ಏ, ಕಾಲು ನೆಟ್ಟಗೆ ಮಾಡು ಮಾರಾಯ!" ಎಂದು ಸುಂದರಣ್ಣ ಗದರಿದರೆ ಇಡೀ ಬಸ್ಸು ನಗುತ್ತಿತ್ತು. ಸುಂದರಣ್ಣನ ಗೆರೆ ಸುಳ್ಳು ಹೇಳುವುದಿಲ್ಲ ಎಂಬ ಮಾತು ಮಣಿಪಾಲದವರೆಗೂ ಹೋಗಿತ್ತು. ಅದನ್ನು ಕೇಳಿದಾಗೆಲ್ಲ ಅವರು ಸುಮ್ಮನೆ ಸೀಟಿ ಒರೆಸಿಕೊಳ್ಳುತ್ತಿದ್ದರು.

ಕೆಲಸ ಬಿಡುವ ಮೊದಲಿನ ಬೇಸಿಗೆ. ಗದಗದ ಕಡೆಯಿಂದ ಬಂದು ಕುಕ್ಕುಂದೂರಿನಲ್ಲಿ ಬಾಡಿಗೆ ಕೋಣೆ ಹಿಡಿದಿದ್ದ ರತ್ನವ್ವ, ಮಣಿಪಾಲದ ಒಂದು ಮೆಸ್ಸಿನಲ್ಲಿ ಪಾತ್ರೆ ತೊಳೆಯಲು ದಿನವೂ ಬೆಳಿಗ್ಗೆ ಇದೇ ಬಸ್ಸು ಹತ್ತುತ್ತಿದ್ದಳು. ಶಾಲೆಗೆ ರಜೆ, ಕೋಣೆಯಲ್ಲಿ ನೋಡಿಕೊಳ್ಳುವವರಿಲ್ಲ. ಹಾಗಾಗಿ ಮಗಳು ಶಿಲ್ಪಾಳೂ ಜೊತೆಗೆ ಬಂದಳು. ಕಂಬಕ್ಕೆ ನಿಂತರೆ ಹುಡುಗಿಯ ತಲೆ ಗೆರೆಗಿಂತ ಎರಡು ಬೆರಳು ಮೇಲೆ!

"ಫುಲ್ ಆಗ್ತದೆ ಅಕ್ಕ."

"ಅಣ್ಣಾರ, ಇಕಿಗಿನ್ನ ಒಂಬತ್ತ ತುಂಬಿಲ್ರೀ. ಬೆಳದಾಳ, ಅಷ್ಟ. ಬೆಳದದ್ದು ತಪ್ಪೇನ್ರಿ?"

"ತಪ್ಪು ಅಂತ ನಾನೆಲ್ಲಿ ಹೇಳಿದೆ? ಗೆರೆ ಎಲ್ಲರಿಗೂ ಒಂದೇ ಅಲ್ವಾ? ನಿಮಗೊಂದು, ಅವರಿಗೊಂದು ಮಾಡ್ಲಿಕ್ಕೆ ಆಗ್ತದಾ?"

ರತ್ನವ್ವ ಸೆರಗಿನ ಗಂಟು ಬಿಚ್ಚಿದಳು. "ನಮ್ಮೂರಿಗೆ ಹೋದ್ರ ಸರ್ಕಾರಿ ಬಸ್ಸಿನ್ಯಾಗ ಇಬ್ರೂ ಪುಕ್ಕಟ ಹೋಗ್ತೀವ್ರಿ. ದುಡಿಯಾಕ ಬಂದ ಊರಾಗ ಇಬ್ರಿಗೂ ಫುಲ್!"

ಆ ಹೊತ್ತಿಗೆ ಅವಳ ಸ್ಟಾಪಿಗೆ ಬರುವ ಸರ್ಕಾರಿ ಬಸ್ಸು ಇರಲಿಲ್ಲ. ಸುಂದರಣ್ಣನಿಗೂ ಅದು ಗೊತ್ತು. ಟಿಕೆಟ್ ಹರಿದು ಕೊಟ್ಟು ಹಿಂದಕ್ಕೆ ಹೋದರು.

ಮೂರು ದಿನ ತಾಯಿ ಮಗಳು ಬಂದರು. ನಾಲ್ಕನೆಯ ದಿನ ರತ್ನವ್ವ ಒಬ್ಬಳೇ.

"ಮಗಳೆಲ್ಲಿ?"

"ಬುತ್ತಿ ಇಟ್ಟು, ಬಾಗಿಲಾಕ ಕೀಲಿ ಹಾಕ್ಕೊಂಡು ಬಂದೀನ್ರಿ," ಎಂದಳು ರತ್ನವ್ವ, ಕಿಟಕಿಯ ಹೊರಗೆ ನೋಡುತ್ತಾ. "ದಿನಾ ಇಬ್ರಿಗೂ ಇಡೀ ಕೊಟ್ರ ನಾ ದುಡದು ಏನ್ ಮಾಡ್ಲಿ?"

ಒಂಬತ್ತೂ ತುಂಬದ ಹುಡುಗಿ, ಸಂಜೆಯವರೆಗೆ, ಬೀಗ ಹಾಕಿದ ಕೋಣೆಯಲ್ಲಿ. ಬೈಲೂರು ಬಂದಾಗ ಸುಂದರಣ್ಣ ಸೀಟಿ ಊದುವುದನ್ನೇ ಮರೆತರು.

ಆ ಭಾನುವಾರ ರಜೆ ಹಾಕಿ, ಅಕ್ಕುವನ್ನು ಕರೆದುಕೊಂಡು ಕಾಪು ಹತ್ತಿರದ ಇನ್ನಂಜೆಗೆ ಮಗಳ ಮನೆಗೆ ಹೋದರು. ವಿಜೇತಾ ತನ್ನ ಐದು ವರ್ಷದ ಮಗನನ್ನು ಬಾಗಿಲ ದಾರಂದಕ್ಕೆ ನಿಲ್ಲಿಸಿ, ತಲೆಯ ಮೇಲೆ ಸ್ಕೇಲು ಇಟ್ಟು ಪೆನ್ಸಿಲಿನಲ್ಲಿ ಗುರುತು ಹಾಕುತ್ತಿದ್ದಳು.

"ನೋಡಿ ಅಪ್ಪಾ, ನಾಲ್ಕು ತಿಂಗಳಲ್ಲಿ ಒಂದು ಇಂಚು! ಇವನು ನನ್ನ ಹಾಗಲ್ಲ ದೇವರೇ. ನಾನು ಏಳನೇ ಕ್ಲಾಸಲ್ಲೂ ಅಸೆಂಬ್ಲಿಯ ಮೊದಲ ಸಾಲಿನ ಕುಳ್ಳಿ."

ಸುಂದರಣ್ಣ ಚಾ ಲೋಟ ಕೆಳಗಿಟ್ಟರು. "ನೀನು ಕುಳ್ಳಿ ಇದ್ದೆಯಾ?"

"ಎಂತ ಅಪ್ಪಾ, ನೀವೇ ಹೆಗಲ ಮೇಲೆ ಹೊತ್ತು ತಿರುಗಿದ್ದು!" ಎಂದು ನಕ್ಕವಳು ಅಪ್ಪನ ಮುಖ ನೋಡಿ ನಿಲ್ಲಿಸಿದಳು. ಸುಂದರಣ್ಣ ನಡೆದದ್ದನ್ನು ಹೇಳಿದರು. ವಿಜೇತಾ ಮಗನ ತಲೆಗೂದಲು ಸವರಿದಳು.

"ಬಸ್ಸಿನ ಮಕ್ಕಳೆಲ್ಲ ನನ್ನಷ್ಟೇ ಇರಬೇಕಾ ಅಪ್ಪಾ?"

ಅವರಿಗೆ ಹಳೆಯ ಮುಖಗಳು ನೆನಪಾದವು. ಗದರಿಸಿದ ಮೇಲೆ ನೆಟ್ಟಗೆ ನಿಂತು ಅಳು ನುಂಗಿದ ಉದ್ದುದ್ದ ಹುಡುಗರು. ತಲೆ ತಗ್ಗಿಸಿ ಇಡೀ ಟಿಕೆಟ್ ಕೊಂಡ ತಾಯಂದಿರು. ಆ ಬಸ್ಸಿನ ತುಂಬಾ ನಗು. ಮುದ್ದಿನ ಮಗಳ ನೆತ್ತಿಯನ್ನು ಊರಿಗೆಲ್ಲ ಅಳತೆ ಮಾಡಿ ಇಟ್ಟಿದ್ದೆನಲ್ಲ!

ಸೋಮವಾರ ಬೆಳಿಗ್ಗೆ ರತ್ನವ್ವ ಹತ್ತುವ ಮೊದಲೇ ಬಾಗಿಲಲ್ಲಿ ಹೇಳಿದರು: "ಅಕ್ಕ, ನಾಳೆ ಮಗಳನ್ನು ಕರ್ಕೊಂಡು ಬನ್ನಿ. ಗೆರೆಯದ್ದು ಸ್ವಲ್ಪ ಕೆಲಸ ಉಂಟು."

"ಮತ್ತ ಫುಲ್ ಕೇಳಾಂಗಿಲ್ಲೇನ್ರಿ?"

"ಕರ್ಕೊಂಡು ಬನ್ನಿ ಮಾರಾಯ್ತಿ."

ಮರುದಿನ ಶಿಲ್ಪಾ ಹತ್ತಿದಳು. ಹಳೆಯ ಗೆರೆ ಕಂಬದಲ್ಲಿರಲಿಲ್ಲ. ಬೆಳಿಗ್ಗೆಯೇ ಬ್ಲೇಡಿನಲ್ಲಿ ಹೆರೆದಾಗಿತ್ತು, ದಾರವನ್ನೂ ಎಸೆದಾಗಿತ್ತು. ಸುಂದರಣ್ಣ ಟಿಕೆಟಿನ ಚೀಲದಿಂದ ಅಕ್ಕುವಿನ ಉಗುರಿನ ಬಣ್ಣದ ಶೀಶೆ ತೆಗೆದರು. ಡ್ರೈವರ್ ರೋನಿ ಬ್ರೇಕಿನ ಮೇಲೆ ಕಾಲಿಟ್ಟೇ ತಿರುಗಿ ನೋಡಿದ. ಗಿಡ್ಡ ಮನುಷ್ಯ, ದಿಂಬು ಹಾಕಿಕೊಂಡೇ ಸ್ಟೇರಿಂಗ್ ಹಿಡಿಯುವವನು.

"ಸುಂದರಣ್ಣ, ಜಾಸ್ತಿ ಮೇಲೆ ಹಾಕ್ಬೇಡಿ. ಆಮೇಲೆ ನನಗೂ ಹಾಫ್ ಕೊಡ್ಬೇಕಾದೀತು!"

"ನಿನಗೆ ಈಗಲೇ ಹಾಫ್ ಮಾರಾಯ. ನೀನು ರಸ್ತೆ ನೋಡು."

ಬಸ್ಸು ನಕ್ಕಿತು. ಶಿಲ್ಪಾ ಮಾತ್ರ ನಗಲಿಲ್ಲ. ಕಂಬಕ್ಕೆ ಒರಗಿ, ಅಭ್ಯಾಸಕ್ಕೆ ಬಿದ್ದವಳಂತೆ ಮೊಣಕಾಲು ಮಡಚಿ, ಕುತ್ತಿಗೆ ಹೆಗಲೊಳಗೆ ಎಳೆದುಕೊಂಡು ನಿಂತಳು.

ಸುಂದರಣ್ಣ ಗದರಲಿಲ್ಲ. ಬಗ್ಗಿ ಅವಳ ಕಿವಿಯ ಹತ್ತಿರ ಹೇಳಿದರು: "ನೆಟ್ಟಗೆ ನಿಲ್ಲು ಮಗಾ. ಎಷ್ಟು ಬೇಕಾದರೂ ಉದ್ದ ಆಗು."

ಹುಡುಗಿ ತಾಯಿಯ ಮುಖ ನೋಡಿದಳು. ಆಮೇಲೆ ಮೊಣಕಾಲು ಬಿಚ್ಚಿದಳು, ಕುತ್ತಿಗೆ ಎತ್ತಿದಳು, ಅದೂ ಸಾಲದೆಂದು ತುದಿಗಾಲಿನಲ್ಲಿ ನಿಂತಳು. ಅವಳ ನೆತ್ತಿಯ ಮೇಲೆ ಒಂದು ಗೇಣು ಬಿಟ್ಟು ಸುಂದರಣ್ಣ ಕೆಂಪು ಗೆರೆ ಎಳೆದರು, ಬಣ್ಣ ಒಣಗಲೆಂದು ಊದಿದರು, ಸೀಟಿ ಹೊಡೆದರು.