ಕೂದಲೆಳೆಯಷ್ಟು ಹೆಚ್ಚಿದ್ದ ಅಂಕ

ಜೋಳದ ಹಿಟ್ಟು ಸಾಣಿಗೆ ಹಿಡಿಯುತ್ತಿದ್ದಾಗ ಭಾಲ್ಕಿಯಿಂದ ಮಗಳ ಫೋನು ಬಂತು. "ಅವ್ವಾ, ಕಂಪ್ಯೂಟರ್ ಸರ್ ತೀರಿಕೊಂಡ್ರಂತ." ಕೈ ನಿಂತಿತು. ಹಸಿ ಹಿಟ್ಟಿನ ಘಮ ಮಾತ್ರ ಹಾಗೇ ಇತ್ತು...

ಬೀದರಿನ ನಮ್ಮ ಓಣಿಯಲ್ಲಿ ಅವರು ಮಕ್ಕಳಿಗೆ ಕಂಪ್ಯೂಟರ್ ಕಲಿಸುತ್ತಿದ್ದರು. ಓಣಿಯವರು ಪ್ರತಿ ವರ್ಷ ನಡೆಸುವ ವಚನ ಸ್ಪರ್ಧೆಯ ಅಂಕ ಕೂಡಿಸುವುದೂ ಅವರದೇ ಕೆಲಸ. ಮೊದಲು ಬಂದ ಒಬ್ಬರಿಗೆ ಬಸವ ಜಯಂತಿಯ ದಿನ ದೊಡ್ಡ ವೇದಿಕೆಯ ಮೇಲೆ ವಚನ ಹೇಳುವ ಅವಕಾಶ. ನನ್ನ ಮಗಳು ಶಾಲೆಗೆ ಹೋಗುವಾಗ ಒಂದು ವರ್ಷ ಅವಳೇ ಮೊದಲು ಬಂದಳು, ಸಂತಪುರದಿಂದ ಬಂದಿದ್ದ ಹುಡುಗಿ ಎರಡನೆಯವಳು. ಆ ಹುಡುಗಿ ಅವ್ವನ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಅದನ್ನು ಕಂಡೂ ನಾನು, ಎಲ್ಲ ಬಸವಣ್ಣನ ದಯೆ ಎಂದು ಓಣಿಗೆಲ್ಲ ಹುಗ್ಗಿ ಹಂಚಿದೆ.

ಮರುದಿನ ಸರ್ ಬಾಗಿಲಿಗೆ ಬಂದರು. ಒಳಗೆ ಕರೆದರೂ ಕೂಡಲಿಲ್ಲ.

"ಅಕ್ಕಾ, ಇಬ್ಬರಿಗೂ ಬಂದ ಅಂಕ ಒಂದೇ ಅದಾವ್ರಿ. ತೀರ್ಪು ಕೊಟ್ಟವರು ಪಾಯಿಂಟ್ ಹಾಕಿ ಅಂಕ ಕೊಟ್ಟಾರ. ಆ ಪಾಯಿಂಟ್ ಮುಂದಿನ ಅಂಕಿ ಮಷೀನು ಪೂರಾ ಹಿಡಿಯಲ್ಲ, ತುದಿ ಕತ್ತರಿಸಿ ಇಟ್ಕೋತದ. ಕೂಡಿಸೋ ಸರದಿ ಬದಲಾದ್ರ ಉಳಿಯೋ ಚೂರೂ ಬದಲಾಗ್ತದ. ಅದರಿಂದ ನಿಮ್ಮ ಮಗಳಿಗಿ ಕೂದಲೆಳಿಯಷ್ಟು ಹೆಚ್ಚಾಗ್ಯಾದ."

"ಮಷೀನು ಮಾಡಿದವರಿಗಿ ಇಷ್ಟೂ ತಿಳಿಲಿಲ್ಲೇನ್ರಿ?"

"ತಿಳಿದೇ ಮಾಡ್ಯಾರ್ರಿ, ಲೆಕ್ಕ ಜಲ್ದಿ ಆಗ್ಲಿ ಅಂತ. ಸರಿಯಾಗಿ ಹಿಡಿಯೋ ಇನ್ನೊಂದು ಬಗಿನೂ ಕೊಟ್ಟಾರ. ನಾನೇ ಅದು ಆರಿಸಲಿಲ್ಲ."

"ಹೋಗ್ಲಿ ಬಿಡ್ರಿ ಸರ್, ಯಾರ ಕಣ್ಣಿಗೂ ಕಾಣದ ಚೂರು. ದೇವರೇ ಕೊಟ್ಟಾನ."

ಅವರು ಚಪ್ಪಲಿ ಮೆಟ್ಟುತ್ತ ಮೆಲ್ಲಗೆ ಅಂದರು. "ನನ್ನ ತಪ್ಪು ದೇವರ ಮ್ಯಾಲ ಹಾಕಬ್ಯಾಡ್ರಿ ಅಕ್ಕಾ."

ಆಗಷ್ಟೇ ಪೂಜೆ ಮುಗಿಸಿ ವಿಭೂತಿ ಹಚ್ಚಿಕೊಂಡಿದ್ದೆ. ಸೆರಗನ್ನು ಹಣೆಯವರೆಗೂ ಎಳೆದುಕೊಂಡೆ.

ಸಂಜೆ ಅವರು ಎಲ್ಲರೆದುರು ತಪ್ಪು ಒಪ್ಪಿಕೊಂಡರು. ಜಯಂತಿಯ ದಿನ ಇಬ್ಬರು ಹುಡುಗಿಯರೂ ಕೈ ಹಿಡಿದುಕೊಂಡು ವೇದಿಕೆ ಹತ್ತಿದರು. ಓಣಿಯವರು ಮಾತ್ರ ಸರ್ ಅವರನ್ನು ಬಿಡಲಿಲ್ಲ. "ಬೆರಳು ಎಣಿಸಿದ್ರ ಆಗ್ತಿತ್ತು, ಮಾಸ್ತರಿಗಿ ಮಷೀನ್ ಬೇಕಾಗಿತ್ತು!" ಎಂದು ನಕ್ಕರು. ಆ ನಗುವಿನ ನಡುವೆ ನಾನೂ ಕೂತಿದ್ದೆ. ಸರ್ ಸುಮ್ಮನಿದ್ದಿದ್ದರೆ ಅವರಿಗೇನೂ ಆಗುತ್ತಿರಲಿಲ್ಲ, ತಾವಾಗಿ ಬಂದು ಹೇಳಿದರು ಎಂದು ಒಂದು ಮಾತು ಆಡಬಹುದಿತ್ತು. ಆಡಿದರೆ ಬಾಗಿಲಲ್ಲಿ ನಾನಂದದ್ದೂ ಹೊರಬೀಳುತ್ತಿತ್ತು... ಸೆರಗು ಸರಿಮಾಡಿಕೊಂಡೆ. ಮುಂದಿನ ವರ್ಷ ಅಂಕ ಕೂಡಿಸಲು ಅವರನ್ನು ಯಾರೂ ಕರೆಯಲಿಲ್ಲ. ಕಲಿಯಲು ಬರುವ ಮಕ್ಕಳೂ ಕಡಿಮೆಯಾಗಿ, ಅವರು ಊರು ಬಿಟ್ಟರು.

ದಿನಾ ಮಲಗುವಾಗ ದೇವರು ಮಾಡಿದ ಸಣ್ಣಪುಟ್ಟ ಉಪಕಾರಗಳನ್ನು ನೆನೆಯುತ್ತೇನೆ. ಇನ್ನೊಂದು ಮಗುವಿನ ಪಾಲು ನಮ್ಮ ಮನೆಯಲ್ಲಿ ಉಳಿಯದಂತೆ ಸರ್ ಮಾಡಿದ್ದು ಅವುಗಳಲ್ಲಿ ದೊಡ್ಡದು. ಅವರಿಗೆ ಮಾತ್ರ ಅದನ್ನು ಹೇಳಲಿಲ್ಲ. ಇನ್ನು ಯಾರಿಗೆ ಹೇಳಲಿ...

ಹೊರಗೆ ನಳದಲ್ಲಿ ನೀರು ಬಂದ ಸದ್ದಾಯಿತು. ಕೊಡ ತೊಳೆದು ಅದರ ಕೆಳಗೆ ಇಟ್ಟೆ.