ಬೇಕರಿ ಡಬ್ಬದಲ್ಲಿ ಹೋದ ನನ್ನ ಪ್ಯಾಟೀಸು

ಗೃಹಪ್ರವೇಶದ ಮರುದಿನ ಬೆಳಿಗ್ಗೆ ಐದೂವರೆಗೆ ನಡೆಯಲು ಹೊರಟವನಿಗೆ ಬೀದಿಯ ತಿರುವಿನ ಚರಂಡಿಯಲ್ಲಿ ನನ್ನದೇ ಪಾಯಸ ಕಂಡಿತು. ಅನುಮಾನಕ್ಕೆ ಜಾಗವಿರಲಿಲ್ಲ. ಕೊಬ್ಬರಿಯನ್ನು ಕಡ್ಡಿಯ ಹಾಗೆ ಸೀಳಿ ತುಪ್ಪದಲ್ಲಿ ಹುರಿದು ಹಾಕುವವನು ಆ ಬಡಾವಣೆಯಲ್ಲಿ ನಾನೊಬ್ಬನೇ. ಹಿಂದಿನ ದಿನ ಹನ್ನೆರಡು ಮನೆಗೆ ಕೊಟ್ಟಿದ್ದೆ. ಎಲ್ಲರೂ ನಗುನಗುತ್ತಲೇ ತೆಗೆದುಕೊಂಡು, ಪಾತ್ರೆ ತೊಳೆದು ವಾಪಸು ಕೊಟ್ಟಿದ್ದರು.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ನಂಜನಗೂಡಿಗೆ ಬಂದು ನೆಲೆಸಿದ್ದು ಹೀಗೆ. ನಮ್ಮೂರಿನ ನೀವೆಲ್ಲ ಸಿದ್ದರಾಜು ಟೌನು ಸೇರಿ ಸುಖವಾಗಿದ್ದಾನೆ ಎಂದು ಹೇಳಿಕೊಂಡು ತಿರುಗುತ್ತೀರಲ್ಲ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಮೂಗೂರು ರಸ್ತೆಯ ನಮ್ಮ ಹಳ್ಳಿಯಿಂದ ಇಲ್ಲಿಗೆ ಎರಡು ಬಸ್ಸು. ನರಸೀಪುರದಲ್ಲಿ ಇಳಿದು ಹತ್ತಬೇಕು, ಅಷ್ಟೆ. ಅದಕ್ಕೆ ಮೊದಲು ಇಪ್ಪತ್ತಾರು ವರ್ಷ ಪಠಾಣ್‌ಕೋಟ್, ಜಬಲ್ಪುರ, ತೇಜ್‌ಪುರ ಎಂದು ಸೈನ್ಯದ ಅಡುಗೆಯವನಾಗಿ ಸುತ್ತಿದ್ದೇನೆ. ಅವುಗಳಲ್ಲಿ ಯಾವ ಊರೂ ಎರಡು ಬಸ್ಸಿನ ಈ ಊರಿನಷ್ಟು ದೂರ ಅನ್ನಿಸಿರಲಿಲ್ಲ.

ಅಲ್ಲಿ ಲಂಗರ್ ಇತ್ತು, ಅಂದರೆ ಜವಾನರ ಅಡುಗೆಮನೆ. ಗಂಟೆ ಹೊಡೆದರೆ ರಜಪೂತ, ಜಾಟ, ನಾಯರ್ ಎಲ್ಲರೂ ತಟ್ಟೆ ಹಿಡಿದು ಸಾಲು ನಿಲ್ಲುತ್ತಿದ್ದರು. ಸೌಟು ಹಿಡಿದವನು ಯಾರ ಪೈಕಿ ಎಂದು ಕೇಳಿದವನನ್ನು ಸುಬೇದಾರರು ಬಿಸಿಲಲ್ಲಿ ಮೈದಾನ ಸುತ್ತಿಸುತ್ತಿದ್ದರು. ಅಧಿಕಾರಿಗಳೂ ಜವಾನರೂ ಒಟ್ಟಿಗೆ ಉಣ್ಣುವ ಔತಣಕ್ಕೆ ಬಡಾಖಾನಾ ಎನ್ನುತ್ತಾರೆ. ಆ ದಿನ ಎಲ್ಲಕ್ಕಿಂತ ಮೊದಲು ನನ್ನ ಚಿಕನ್ ಪ್ಯಾಟೀಸು ಹೋಗಬೇಕು. ಪದರ ಪದರದ ಮೈದಾ ಹೊದಿಕೆ, ಒಳಗೆ ಖಾರದ ಕೋಳಿ. ನಮ್ಮ ಬೇಕರಿಗಳಲ್ಲಿ ಪಫ್ಸು ಎನ್ನುವುದು ಅದನ್ನೇ. ಕರ್ನಲ್ಲರು ತಾವೇ ಟ್ರೇ ಹಿಡಿದು ಬಡಿಸುತ್ತಾ, "ಸಿದ್ದರಾಜು ಕಾ ಹೈ" ಎನ್ನುತ್ತಿದ್ದರು. ಸಿದ್ದರಾಜು ಮಾಡಿದ್ದು, ಎಂದು.

ಇಲ್ಲಿ ನನ್ನನ್ನು ಕೇಳಿದ್ದು, "ಯಾವ ಕಡೆಯವ್ರು ಸಾ?"

"ನರಸೀಪುರದ ಕಡೆ."

"ಅದ್ಸರಿ, ಯಾವ ಪೈಕಿ?"

ಹೇಳಿದೆ. ಮುಚ್ಚಿಡಲು ನಾನೇನು ಕದ್ದು ಬಂದಿರಲಿಲ್ಲ. ಅಲ್ಲಿಂದ ಮುಂದೆ ಎಲ್ಲರೂ ಬಹಳ ಮರ್ಯಾದೆಯಿಂದ ನಡೆದುಕೊಂಡರು. ನಲ್ಲಿ ನೀರಿನ ಸರದಿಗೆ ಜಗಳವಾಡುತ್ತಿದ್ದ ಬೀದಿಗೆ ನಾನು ವೇಳಾಪಟ್ಟಿ ಬರೆದು ಅಂಟಿಸಿದೆ, ಎಲ್ಲರೂ ಪಾಲಿಸಿದರು. ನನ್ನ ಕನ್ನಡದಲ್ಲಿ ಸೇರಿಕೊಂಡಿದ್ದ 'ಅಚ್ಛಾ'ವನ್ನು ಆಡಿಕೊಂಡು ನಕ್ಕರು, ನಾನೂ ನಕ್ಕೆ. ಆದರೆ ಮೂರು ವರ್ಷವಾದರೂ ನನ್ನ ಹೆಂಡತಿ ಪುಟ್ಟಮ್ಮ ಒಂದು ಮನೆಯ ಒಳಗೆ ಕೂತು ಕಾಫಿ ಕುಡಿಯಲಿಲ್ಲ.

"ಈ ಮನೆ ಮಾರ್ಬುಟ್ಟು ಊರ್ಗೋಗನ ಕಣ್ರೀ," ಎಂದಳು ಒಂದು ದಿನ. "ಗೋಡೆ ಜೊತೆ ಎಷ್ಟೂಂತ ಮಾತಾಡ್ಲಿ?"

"ಹೊಸ ವರ್ಷದವರೆಗೆ ತಡಿ," ಎಂದೆ. "ಬಡಾವಣೆಯವರೆಲ್ಲ ಸೇರ್ತಾರೆ. ನನ್ನ ಕೈಯಡುಗೆ ನನ್ನ ಹೆಸರಲ್ಲೇ ಇಡ್ತೀನಿ. ತಿನ್ನಲಿಲ್ಲ ಅಂದ್ರೆ ಮಾರೋಣ."

ಬಡಾವಣೆ ಸಂಘದ ಅಧ್ಯಕ್ಷರು ಚನ್ನೇಗೌಡರು. ಕೋಳಿಯೆಂದರೆ ಪ್ರಾಣ. ನೂರೈವತ್ತು ಚಿಕನ್ ಪಫ್ಸು ನನ್ನ ಲೆಕ್ಕದಲ್ಲಿ ಎಂದಾಗ ಕೈ ಕುಲುಕಿದರು. "ಭೇಷ್ ಹವಾಲ್ದಾರ್ರೇ! ಸಸ್ಯಾಹಾರದೋರ್ಗೆ ಬೇಕರಿಯಿಂದ ತರಕಾರಿ ಪಫ್ಸ್ ತರಿಸ್ತೀನಿ. ನಿಮ್ಮವನ್ನೂ ಬೇಕರಿ ಡಬ್ಬದಲ್ಲೇ ತುಂಬ್ಬುಡಿ, ನೀಟಾಗಿರ್ತದೆ." ನೀಟು ಎಂಬ ಮಾತು ನನಗೆ ಹಿಡಿಸಿತು. ನಾನು ಮಾಡಿದ ತಪ್ಪು ಅದೊಂದೇ.

ಕೂಟದ ದಿನ ನಾಲ್ಕು ಗಂಟೆಗೆ ಎದ್ದೆವು. ಐದು ಕೆಜಿ ಮೈದಾ, ಉಪ್ಪು, ತಣ್ಣೀರು. ನಾದಿ ಅರ್ಧ ಗಂಟೆ ಬಿಡಬೇಕು. ಲಟ್ಟಿಸಿ ಡಾಲ್ಡಾ ಸವರಿ ಮೂರು ಮಡಿಕೆ, ತಿರುಗಿಸಿ ಮತ್ತೆ ಲಟ್ಟಿಸಿ ಮೂರು ಮಡಿಕೆ. ಹೀಗೆ ನಾಲ್ಕು ಸಲ, ನಡುವೆ ಪ್ರತಿ ಸಲವೂ ಐಸ್ ತುಂಬಿದ ಟಬ್ಬಿನ ಮೇಲೆ ಟ್ರೇ ಇಟ್ಟು ತಣಿಸಬೇಕು. ಅವಸರ ಮಾಡಿದರೆ ಡಾಲ್ಡಾ ಕರಗಿ ಪದರ ಏಳುವುದಿಲ್ಲ, ರೊಟ್ಟಿಯಾಗುತ್ತದೆ. ಪುಟ್ಟಮ್ಮ ಬೆಂದ ಕೋಳಿಯನ್ನು ಎಳೆಎಳೆಯಾಗಿ ಬಿಡಿಸಿದಳು. ಈರುಳ್ಳಿ, ಶುಂಠಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಕೊನೆಗೆ ಕರಿಮೆಣಸು. ನೀರಿನ ಪಸೆ ಆರುವವರೆಗೆ ಹುರಿದು, ಪೂರ್ತಿ ತಣ್ಣಗಾದ ಮೇಲೆ ತುಂಬಿದೆವು. ಮೇಲೆ ಮೊಟ್ಟೆ ಸವರಿ, ಮಧ್ಯಾಹ್ನ ಎರಡಕ್ಕೆ ಬೇಕರಿ ಅಬುವಿನ ಒಲೆಗೆ ಕೊಂಡೊಯ್ದೆ. ಕೇರಳದಿಂದ ಬಂದು ಇಲ್ಲಿ ಬೇಕರಿ ಇಟ್ಟವನು ಅವನು. ಒಂದನ್ನು ಮುರಿದು ಬಾಯಿಗಿಟ್ಟು, "ಸಾರ್, ನೀವು ಇಲ್ಲಿ ಕೆಲಸಕ್ಕೆ ಬಂದರೆ ನಾನು ಊರಿಗೆ ಹೋಗ್ತೇನೆ," ಎಂದ. ಬೆಂದವನ್ನೆಲ್ಲ ಅವನ ಬೇಕರಿ ಡಬ್ಬಗಳಲ್ಲೇ ತುಂಬಿಕೊಂಡೆ.

ಸಂಜೆ ಐದಕ್ಕೆ ಶಾಮಿಯಾನದಡಿ ಡಬ್ಬಗಳು ತೆರೆದುಕೊಂಡವು. ನೂರಕ್ಕೂ ಹೆಚ್ಚು ಜನ. ಚನ್ನೇಗೌಡರು ಮೈಕು ಹಿಡಿದರು. "ಪಫ್ಸು ಎರಡು ಥರ ಐತೆ. ಎರಡೂ ಬೇಕರಿಯಿಂದಲೇ ತರಿಸಿರೋದು. ಸಂಕೋಚ ಪಡ್ಬೇಡಿ!"

ಜನ ಮುಗಿಬಿದ್ದರು. ನಾನು ಗೌಡರ ತೋಳು ಹಿಡಿದು ಪಕ್ಕಕ್ಕೆ ಕರೆದೆ.

"ಏನ್ ಗೌಡ್ರೇ ಇದು?"

"ಬೇಜಾರ್ ಮಾಡ್ಕಬೇಡಿ. ಎಲ್ರೂ ತಿನ್ಲಿ ಅಂತ್ಲೇ ಹಂಗಂದೆ. ನಿಮ್ ಒಳ್ಳೇದಕ್ಕೇ ಕಣ್ರೀ." ಅವರ ಕೈಯಲ್ಲಿ ಮೂರನೆಯದೋ ನಾಲ್ಕನೆಯದೋ ಇತ್ತು.

ಒಳ್ಳೆಯದಂತೆ. ಅಬುವಿನ ಬೇಕರಿಯ ಹಿಂದೆ ಹಿಟ್ಟು ನಾದುವವರು ಯಾರೆಂದು ಈ ಜನ ಒಂದು ದಿನವೂ ಕೇಳಿದವರಲ್ಲ. ಕಾಸು ಕೊಟ್ಟು ಕೊಂಡದ್ದಕ್ಕೆ ಕೈಯೇ ಇರುವುದಿಲ್ಲ. ಪಕ್ಕದ ಮನೆಯವನು ಪ್ರೀತಿಯಿಂದ ಕೊಟ್ಟದ್ದಕ್ಕೆ ಮಾತ್ರ ಇರುತ್ತದೆ. ಮೈಕು ಕಿತ್ತುಕೊಂಡೆ.

"ನಾನು ಹವಾಲ್ದಾರ್ ಸಿದ್ದರಾಜು, ಮನೆ ನಂಬರು ಹದಿನೇಳು. ಚಿಕನ್ ಪಫ್ಸು ಬೇಕರೀದಲ್ಲ. ಹಿಟ್ಟು ನಾದಿದ್ದು ನಾನು, ಕೋಳಿ ಬಿಡಿಸಿದ್ದು ನನ್ನ ಹೆಂಡ್ತಿ. ತಿನ್ನೋರು ತಿನ್ನಿ. ಬೇಡದೋರು ಈ ಟೇಬಲ್ ಮೇಲೆ ಇಡಿ. ಚರಂಡಿಗೆ ಹಾಕ್ಬೇಡಿ."

ಮೊದಲ ತಟ್ಟೆ ಮೆಲ್ಲಗೆ ಟೇಬಲ್ಲಿಗೆ ಬಂತು. ಆಮೇಲೆ ಇನ್ನೊಂದು. ಆಮೇಲೆ ಸಾಲಾಗಿ. ಎದುರು ಮನೆಯ ಸರೋಜಮ್ಮ ಮಾತ್ರ ಅರ್ಧ ಕಚ್ಚಿದ್ದನ್ನು ಎತ್ತಿ ಹಿಡಿದು, "ತಿಂದಾಗೋಗದೆ, ಈಗೇನ್ ಉಗುಳಕಾಯ್ತದಾ? ಖಾರ ಚೆನ್ನಾಗದೆ ಕಣಣ್ಣ, ಇನ್ನೊಂದ್ ಕೊಡಿ," ಎಂದಳು. ನಾಲ್ಕೈದು ಜನ ನಕ್ಕರು, ಅವರೂ ತಿಂದರು. ಚನ್ನೇಗೌಡರು ಕೈ ಒರೆಸಿಕೊಂಡು, ತಮಗೆ ಅಸಿಡಿಟಿ ಎಂದರು. ಡಬ್ಬಗಳಲ್ಲಿ ಉಳಿದ ನಲವತ್ತನ್ನು ಮತ್ತೆ ಯಾರೂ ಮುಟ್ಟಲಿಲ್ಲ.

ದಾರಿಯಲ್ಲಿ ಪುಟ್ಟಮ್ಮನಿಗೆ, "ಮಾತು ಅಂದ್ರೆ ಮಾತು. ಮನೆ ಮಾರೋಣ," ಎಂದೆ.

ಅವಳು ಬೀದಿಯಲ್ಲೇ ನಿಂತುಬಿಟ್ಟಳು. "ನಾವ್ಯಾಕ್ರೀ ಮಾರ್ಬೇಕು? ಬ್ಯಾಡದಿದ್ರೆ ಅವ್ರು ಮಾರ್ಕಂಡೋಗ್ಲಿ. ನಾಳೆ ಆ ಸರೋಜಮ್ಮ ಕಾಫಿಗೆ ಬತ್ತೀನಿ ಅಂದವಳೆ."

ಮರುದಿನ ಬೆಳಗಿನ ಮೊದಲ ಬಸ್ಸಿಗೆ ಉಳಿದ ಪ್ಯಾಟೀಸು ಕಟ್ಟಿಕೊಂಡು ಊರಿಗೆ ಬಂದೆ. ಅವತ್ತು ನಿಮ್ಮಲ್ಲಿ ಕೆಲವರೂ ನಮ್ಮ ಜಗುಲಿಯಲ್ಲಿ ಇದ್ದಿರಿ. ತಮ್ಮನ ಹೆಂಡತಿ ಕೆಂಪಮ್ಮ ಒಂದನ್ನು ತಿಂದು ಕಣ್ಣರಳಿಸಿ, "ಯಾವ ಬೇಕರೀದು ಬಾವ ಇದು?" ಎಂದಳು. ಅವಳ ಮನಸ್ಸಿನಲ್ಲಿ ಏನೂ ಇರಲಿಲ್ಲ. ಆದರೂ ಎದ್ದು ನಿಂತು ಕೂಗಾಡಿದೆ. ಗೌಡರಿಗೆ ಹೇಳದೆ ಉಳಿಸಿಕೊಂಡದ್ದನ್ನೆಲ್ಲ ನಮ್ಮ ಮನೆಯ ಹೆಣ್ಣುಮಗಳ ಮೇಲೆ ಸುರಿದೆ. ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡು ಒಳಗೆ ಹೋದಳು.

ನಾನು ಬಸ್ಸಿಗೆ ಹೊರಟಾಗ ಅವಳೇ ಬಂದು ಒಂದು ಚೀಲ ಅವರೆಕಾಯಿ ಕೈಗಿಟ್ಟಳು. ಮುಖದಲ್ಲಿ ಮುನಿಸಿರಲಿಲ್ಲ, ನೆಂಟರನ್ನು ಕಳುಹಿಸುವಾಗಿನ ಮರ್ಯಾದೆ ಇತ್ತು, ಅಷ್ಟೆ.

"ಅಕ್ಕಂಗೆ ಕೊಡಿ ಬಾವ," ಎಂದಳು. "ನಿಮ್ಮೂರಲ್ಲಿ ಇಂಥ ಸೊಗಡಿನ ಕಾಯಿ ಸಿಕ್ಕಕಿಲ್ಲ."